ಗಂಡುಹುಳ ಕೊಯ್ದ ವರ್ಷ

ಗೋಕಾಕದ ನಮ್ಮ ಪದವಿಪೂರ್ವ ಕಾಲೇಜಿನಲ್ಲಿ ನಾನು ಪಾಠಗಳನ್ನು ಎಳೆದೆಳೆದು ಹೇಳುವವನು ಎಂದೇ ಹೆಸರು. ಬೆಲ್ ಹೊಡೆದ ಮೇಲೂ ಐದು ನಿಮಿಷ ನನ್ನ ಮಾತು ನಿಲ್ಲುವುದಿಲ್ಲ. ಆದರೆ ದ್ವಿತೀಯ ವರ್ಷದ ಜೀವಶಾಸ್ತ್ರದಲ್ಲಿ ಅರ್ಧ ಪುಟದ ಒಂದು ಭಾಗವಿದೆ. ಅದನ್ನು ಮಾತ್ರ ಹಲಗೆಯ ಕಡೆ ಮುಖ ಮಾಡಿ, ಬರೆದಂತೆ ಮಾಡಿ, ಓಡುತ್ತ ಮುಗಿಸುತ್ತೇನೆ. ಜೇನುಹುಳದಲ್ಲಿ ಗಂಡು ಹೇಗೆ, ಹೆಣ್ಣು ಹೇಗೆ ಹುಟ್ಟುತ್ತವೆ ಎಂಬ ವಿಷಯ ಅದು. ರಾಣಿ ಇಟ್ಟ ಮೊಟ್ಟೆಗೆ ಗಂಡಿನ ಬೀಜ ಕೂಡಿದರೆ ಹೆಣ್ಣು, ಕೂಡದಿದ್ದರೆ ಗಂಡು. ಹೀಗಾಗಿ ಗಂಡುಹುಳಕ್ಕೆ ತಂದೆಯೇ ಇರುವುದಿಲ್ಲ, ತಾಯಿಯ ತಂದೆ ಮಾತ್ರ ಇರುತ್ತಾನೆ. ಮಕ್ಕಳಿಗೆ ಇದನ್ನು ಕೇಳಿದರೆ ಎಲ್ಲಿಲ್ಲದ ಖುಷಿ.

ಈ ವರ್ಷ ಅಲ್ಲಿಗೆ ಬಂದಾಗ ಕಿಟಕಿಯಿಂದ ಹೊಗೆ ಬಂತು. ಕಾಲೇಜಿನ ಹಿಂದಿನ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ಹಿಂಡು ನಿಲ್ಲಿಸಿದ್ದರು. ಕುರುಬರು ಒಣಗಿದ ಕುರಿಹಿಕ್ಕೆಗೆ ಹರಕು ಗೋಣಿಚೀಲದ ತುಂಡು ಸೇರಿಸಿ ಬೆಂಕಿ ಹಾಕಿದ್ದರು. ಗಂಟಲಿಗೆ ಹಿಡಿಯುವ ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಚಾಕ್ ಹಿಡಿದು ಹಾಗೇ ನಿಂತೆ. ಅಷ್ಟರಲ್ಲಿ ಎರಡನೇ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ, ಹಂಗಾರ ಗಂಡಹುಳ ಪೂರಾ ಅವ್ವನ ಹಂಗ ಇರ್ತಾವೇನ್ರಿ?" ಎಂದು ಕೇಳಿದಳು.

"ಹೌದು" ಎಂದೆ. ಉಳಿದದ್ದನ್ನು ನೀವೇ ಓದಿಕೊಳ್ಳಿ ಎಂದು ಹೇಳಿ ಸ್ಟಾಫ್ ರೂಮಿಗೆ ಹೋಗಿ ಕುಳಿತೆ. ಇದೇ ಮಾತನ್ನು ಏಳು ವರ್ಷದ ಹಿಂದೆ, ಇಂಥದೇ ಹೊಗೆ ಹಾಕುವ ಮೊದಲು, ದಡ್ಡಿಯ ಲಗಮವ್ವ ನನಗೆ ಹೇಳಿದ್ದರು. ಅವರು ಕೇಳಿರಲಿಲ್ಲ, ಹೇಳಿದ್ದರು. ಆಗ ನಾನು ನಕ್ಕಿದ್ದೆ.

ಆ ವರ್ಷ ಎಂ.ಎಸ್ಸಿ. ಮುಗಿಸಿ ಕಲ್ಲೋಳಿಯ ನಮ್ಮ ಮನೆಯಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ. ಜೇನುಹುಳ ಮತ್ತು ಅದರ ಮೈಮೇಲೆ ಬದುಕುವ ನುಸಿ, ಇವೆರಡರ ವಂಶಗುಣ ಪರೀಕ್ಷಿಸುವ ಒಂದು ಯೋಜನೆಯಲ್ಲಿ ಹನ್ನೊಂದು ತಿಂಗಳ ಕರಾರಿನ ಸಹಾಯಕನ ಕೆಲಸ ಸಿಕ್ಕಿತು. ಯೋಜನೆ ನಡೆಸುವವರು ದೂರದ ಪ್ರಯೋಗಾಲಯದಲ್ಲಿದ್ದ ಒಬ್ಬ ಮೇಡಂ. ಕೆಲಸ ಚೆನ್ನಾಗಿ ಮಾಡಿದರೆ ಕರಾರು ಮುಂದುವರಿಸುತ್ತೇನೆ, ನನ್ನ ಕೈಕೆಳಗೆ ಪಿಎಚ್.ಡಿ.ಗೂ ಸೇರಿಸಿಕೊಳ್ಳುತ್ತೇನೆ ಎಂದಿದ್ದರು. ಗೋಕಾಕದಲ್ಲಿ ಒಂದು ಕೋಣೆ ಹಿಡಿದೆ. ಅಪ್ಪನ ಹಳೆಯ ಬೈಕಿನಲ್ಲಿ ಒಂದು ದಿನ ಮೂಡಲಗಿಯ ಸೂರ್ಯಕಾಂತಿ ಹೊಲಗಳ ಕಡೆ, ಇನ್ನೊಂದು ದಿನ ಹುಕ್ಕೇರಿ ದಾಟಿ ದಡ್ಡಿಯ ಕಡೆ ತಿರುಗಾಟ.

ನುಸಿ ಅಂದರೆ ಸಾಸಿವೆ ಕಾಳಿಗಿಂತ ಚಿಕ್ಕದು, ಕೆಂಪು, ಚಪ್ಪಟೆ. ಜೇನುಹುಳದ ಬೆನ್ನಿಗೆ ಅಂಟಿಕೊಂಡು ಗೂಡಿನೊಳಗೆ ಹೋಗುತ್ತದೆ. ಮರಿಹುಳವಿರುವ ಕೋಣೆಗೆ ಮೇಣದ ಮುಚ್ಚಳ ಬೀಳುವ ಸ್ವಲ್ಪ ಮೊದಲು ಸದ್ದಿಲ್ಲದೆ ಒಳಗೆ ಸೇರಿಕೊಳ್ಳುತ್ತದೆ. ಒಳಗೆ ಮರಿಯನ್ನು ಹೀರುತ್ತ ತನ್ನ ಸಂಸಾರ ಬೆಳೆಸುತ್ತದೆ. ಅಂಥ ಕೋಣೆಯಿಂದ ಹೊರಬರುವ ಜೇನಿಗೆ ರೆಕ್ಕೆ ಸುರುಟಿಕೊಂಡಿರುತ್ತವೆ, ಹಾರಲಾರದೆ ನೆಲದ ಮೇಲೆ ತೆವಳುತ್ತದೆ. ನನ್ನ ಕೆಲಸ ಒಂದು ಬಾಟಲಿಗೆ ಒಂದಿಷ್ಟು ಹುಳ ಹಾಕಿ, ಮೇಲೆ ಸಕ್ಕರೆ ಪುಡಿ ಸುರಿದು, ಹೊರಳಾಡಿಸಿ, ಬಿಳಿ ತಟ್ಟೆಯ ಮೇಲೆ ಉದುರಿದ ನುಸಿಗಳನ್ನು ಎಣಿಸುವುದು. ಹುಳಗಳು ಹಿಟ್ಟಿನ ಗಿರಣಿಯಿಂದ ಬಂದವರಂತೆ ಬೆಳ್ಳಗಾಗಿ ಗೂಡಿಗೆ ಮರಳುತ್ತಿದ್ದವು. ನುಸಿಗಳು ಸ್ಪಿರಿಟ್ಟಿನ ಸೀಸೆಗೆ ಬಿದ್ದು ಮೇಡಂ ಹತ್ತಿರ ಹೋಗುತ್ತಿದ್ದವು.

ನುಸಿಯ ಸಂಸಾರದ ಕಥೆ ಹೇಳುವುದೆಂದರೆ ನನಗೆ ಬಲು ಹುರುಪು. ತಾಯಿ ನುಸಿ ಮುಚ್ಚಿದ ಕೋಣೆಯಲ್ಲಿ ಮೊದಲು ಒಂದು ಗಂಡು ಹೆರುತ್ತದೆ, ಆಮೇಲೆ ಹೆಣ್ಣುಗಳು. ಆ ಅಣ್ಣನೇ ಆ ತಂಗಿಯರನ್ನು ಕೂಡುತ್ತಾನೆ, ಕೋಣೆಯಿಂದ ಹೊರಗೆ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಮೂಡಲಗಿಯ ಚಹಾ ಅಂಗಡಿಯಲ್ಲಿ ಇದನ್ನು ಹೇಳಿದರೆ ಗಂಡಸರು ಛೀ ಅನ್ನುತ್ತ, ಮತ್ತೊಮ್ಮೆ ಹೇಳಪಾ ಅನ್ನುತ್ತ ಬಿದ್ದು ಬಿದ್ದು ನಗುತ್ತಿದ್ದರು. ಆ ನಗುವಿಗಾಗಿಯೇ ನಾನು ಅದನ್ನು ಹೇಳುತ್ತಿದ್ದೆ ಅನಿಸುತ್ತದೆ.

ಲಗಮವ್ವ ನಗಲಿಲ್ಲ. ಅವರದು ಕುರಿ ಸಾಕುವ ಮನೆತನ. ಹಣೆ ತುಂಬ ಭಂಡಾರದ ಅರಿಶಿನ, ವಯಸ್ಸು ಐವತ್ತೈದರ ಆಸುಪಾಸು. ಮೊಣಕಾಲು ಹಿಡಿದ ಮೇಲೆ ಹಿಂಡಿನ ಹಿಂದೆ ನಡೆಯುವುದು ಆಗದೆ, ಕುರಿಗಳನ್ನು ಮೈದುನನಿಗೆ ಒಪ್ಪಿಸಿ ಮನೆಯಲ್ಲಿ ಉಳಿದವರು. ಸರಕಾರದ ಯೋಜನೆಯೊಂದರಲ್ಲಿ ಆ ಭಾಗಕ್ಕೆ ಜೇನು ಪೆಟ್ಟಿಗೆ ಹಂಚಿದಾಗ ಎರಡು ಪೆಟ್ಟಿಗೆ ಪಡೆದು, ಹಿತ್ತಲಿನ ಬೇವಿನ ಮರದ ಕೆಳಗೆ ಅವನ್ನು ಒಂಬತ್ತು ಮಾಡಿದ್ದರು. ಉಳಿದವರ ಪೆಟ್ಟಿಗೆಗಳು ಮೂರು ಮಳೆಗಾಲ ಕಾಣುವಷ್ಟರಲ್ಲಿ ಖಾಲಿಯಾಗಿದ್ದವು. ಅವುಗಳಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು.

ಪೆಟ್ಟಿಗೆಗಳಿಗೆ ನಾನು ಬಣ್ಣದಲ್ಲಿ ಒಂದರಿಂದ ಒಂಬತ್ತು ನಂಬರು ಹಾಕಿದೆ. ಅವರು ಅವಕ್ಕೆ ಕುರಿಗಳಿಗೆ ಇಟ್ಟಂತೆ ಹೆಸರಿಟ್ಟಿದ್ದರು. ನಾಲ್ಕನೆಯದು ಕೆಂಪಿ. ಕುರಿಯ ಕಿವಿಗೆ ಕಚ್ಚು ಹಾಕಿ ಗುರುತು ಮಾಡುವಂತೆ ಪೆಟ್ಟಿಗೆಯ ಮುಚ್ಚಳದ ಮೂಲೆಗೆ ಕುಡುಗೋಲಿನಿಂದ ಕಚ್ಚು ಹಾಕಿದ್ದರು. ಯಾವ ತಾಯಿಯ ವಂಶವೋ ಅದರ ಕಚ್ಚು. ಕೆಂಪಿಗೆ ಎರಡು ಕಚ್ಚು, ಕೆಂಪಿಯಿಂದ ಒಡೆದು ಕಟ್ಟಿದ ಏಳನೇ ಪೆಟ್ಟಿಗೆಗೂ ಎರಡು. ನಾನು ವಹಿಯಲ್ಲಿ ನಂಬರು ಬರೆದುಕೊಂಡೆ, ಕಚ್ಚು ಬರೆದುಕೊಳ್ಳಲಿಲ್ಲ.

ನುಸಿಗೆ ಅವರು ಉಣ್ಣಿ ಅನ್ನುತ್ತಿದ್ದರು, ಕುರಿಗೆ ಹತ್ತುವ ಉಣ್ಣಿಯಂತೆ. ಅಣ್ಣತಂಗಿಯರ ಕಥೆ ಕೇಳಿ, "ತಮ್ಮಾ, ಹಿಂಡಿನಾಗ ಟಗರ ಬದಲ ಮಾಡಲಿಲ್ಲಂದ್ರ ನಾಕ ವರ್ಷಕ್ಕ ಮರಿ ಸೊರಗಿ ಬಡ್ಡಾಗ್ತಾವು. ಈ ಉಣ್ಣಿ ಮನಿಯಾಗಿಂದು ಮನಿಯಾಗ ಕೂಡಿ ಯಾಕ ಬಡ್ಡಾಗೂದಿಲ್ಲ?" ಎಂದು ಕೇಳಿದರು.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. "ಅದೆಲ್ಲಾ ನಿಮಗ ತಿಳಿಯೂದಲ್ರಿ ಕಾಕು" ಎಂದೆ. ಎಂ.ಎಸ್ಸಿ. ಓದಿದವನ ಬಾಯಿಂದ ಬಂದ ಮಾತು ಅದು. ಅವರು ಬೇಜಾರು ಮಾಡಿಕೊಳ್ಳದೆ ಹೌದೌದು ಎಂದು ಚಹಾ ಮಾಡಲು ಎದ್ದುಹೋದರು.

ಕೆಂಪಿಯ ಪೆಟ್ಟಿಗೆಯಲ್ಲಿ ನನಗೆ ನುಸಿ ಸಿಗುತ್ತಲೇ ಇರಲಿಲ್ಲ. ತಟ್ಟೆಯ ಮೇಲೆ ಒಂದೋ ಎರಡೋ ಬಿದ್ದರೆ ಹೆಚ್ಚು, ಅವುಗಳ ಕಾಲೂ ಮುರಿದಿರುತ್ತಿದ್ದವು. ಬಾಟಲಿ ಸರಿಯಾಗಿ ಅಲ್ಲಾಡಿಸಿಲ್ಲವೇನೋ ಎಂದು ಮತ್ತೆ ಮತ್ತೆ ಮಾಡಿದೆ. ಲಗಮವ್ವ ಬಾಜೂ ಕುಳಿತು, "ಅವು ಕಡದ ಒಗೀತಾವು ತಮ್ಮಾ. ಮುಚ್ಚಿದ ಕ್ವಾಣಿ ಕೂಡ ತಗದ ನೋಡಿ, ಕೆಟ್ಟ ಮರಿ ಇದ್ರ ಹೊರಗ ಹಾಕ್ತಾವು" ಎಂದರು. ಪುಸ್ತಕದಲ್ಲಿ ಇಂಥ ಜೇನುಗಳ ಬಗ್ಗೆ ನಾನು ಓದಿದ್ದೆ. ಆದರೆ ಅಂಥವು ದಡ್ಡಿಯ ಹಿತ್ತಲಲ್ಲಿ ಇರುತ್ತವೆ ಎಂದು ನನ್ನ ತಲೆಗೆ ಹೊಳೆಯಲಿಲ್ಲ. ಸೀಸೆಗೆ ಚೀಟಿ ಅಂಟಿಸಿ ಕಳಿಸಿಬಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ಸೂರ್ಯಕಾಂತಿ ಹೂವಾದವು. ಜೇನು ಹೊಸ ರಾಣಿಗಳನ್ನು ಬೆಳೆಸುವ ಕಾಲ, ಗಂಡುಹುಳ ಬೆಳೆಸುವ ಕಾಲವೂ ಅದೇ. ಗಂಡುಹುಳ ಬೆಳೆಯಲು ಹೆಚ್ಚು ದಿನ ಬೇಕು, ಹಾಗಾಗಿ ನುಸಿಗೆ ಗಂಡಿನ ಕೋಣೆಯೆಂದರೆ ಪ್ರಾಣ. ಗಂಡುಹುಳದ ಕೋಣೆಗಳಿರುವ ಮೇಣದ ಎರಿಯನ್ನು ಮುಚ್ಚಳ ಬಿದ್ದ ಮೇಲೆ ಕತ್ತರಿಸಿ ತೆಗೆದರೆ ಅದರೊಳಗಿನ ನುಸಿಯೆಲ್ಲ ಒಟ್ಟಿಗೆ ಹೋಗುತ್ತದೆ. ಇದು ಎಲ್ಲೆಡೆ ಮಾಡುವ ಒಳ್ಳೆಯ ಉಪಾಯವೇ. ನನ್ನ ಪಟ್ಟಿಯಲ್ಲಿದ್ದ ಎಲ್ಲ ಪೆಟ್ಟಿಗೆಗಳಲ್ಲಿ ಮೂರು ವಾರಕ್ಕೊಮ್ಮೆಯಂತೆ ಮೂರು ಸಲ ಇದನ್ನು ಮಾಡಿ, ಫೋಟೊ ತೆಗೆದು, ತಖ್ತೆ ತುಂಬಿ ಯೋಜನೆಯ ಕಚೇರಿಗೆ ಕಳಿಸಬೇಕಿತ್ತು. ಮೇಡಂ ನೋಡುತ್ತಿದ್ದದ್ದು ಸೀಸೆಗಳನ್ನಷ್ಟೇ.

ದಡ್ಡಿಗೆ ಚಾಕು ಹಿಡಿದು ಹೋದ ದಿನ ಲಗಮವ್ವನವರಿಗೆ ಪೀಠಿಕೆಯಾಗಿ ಗಂಡುಹುಳಕ್ಕೆ ತಂದೆ ಇಲ್ಲ ಎಂಬ ವಿಷಯ ಹೇಳಿದೆ. ಅವರ ಮುಖ ಅರಳಿತು.

"ಹಂಗಾರ ಅವು ಪೂರಾ ಅವ್ವನ ಹಂಗ ಇರ್ತಾವು" ಎಂದರು. "ಅದಕ್ಕ ನಾ ಕೆಂಪಿ ಗಂಡಹುಳ ಬಿಡೂದು. ಬ್ಯಾರೆ ಪೆಟಗ್ಯಾಗಿನ್ನವು ನಾನ ಕೊಯ್ದ ಕೋಳಿಗೆ ಹಾಕ್ತೇನಿ. ಸುಮಾರ ಟಗರಿಗೆ ಬೀಜ ಒಡಸಿದಂಗ. ಕೆಂಪಿದೂ ಅದರ ಮಗಳದೂ ಅಷ್ಟ ಬಿಡ್ತೇನಿ. ಹೊಸಾ ರಾಣಿ ಹಾರಿದಾಗ ಅವ ಸಿಗಬೇಕಲಾ."

ನಾನು ಎರಡು ವರ್ಷ ಓದಿ ಪಡೆದ ಪಾಠದ ಮೊದಲ ಸಾಲನ್ನು ಅವರಿಗೆ ಹೇಳಿದ್ದೆ. ಕೊನೆಯ ಸಾಲನ್ನು ಅವರು ನನಗೆ ಹೇಳಿದರು. ತಾಯಿಯ ಗುಣ ಮುಂದಕ್ಕೆ ಹೋಗಬೇಕಾದರೆ ಆ ತಾಯಿಯ ಗಂಡುಗಳು ಉಳಿಯಬೇಕು, ಇಷ್ಟೇ ವಿಷಯ. ಕುರಿ ಕಾಯುವವರು ಹಿಂಡು ಕಟ್ಟುವ ಬಗೆಯಲ್ಲೇ ಅವರು ಜೇನಿನ ತಳಿ ಕಟ್ಟಿದ್ದರು.

"ಉಳದವು ಏನರ ಮಾಡ ತಮ್ಮಾ. ಈ ಎರಡ ಮುಟ್ಟಬ್ಯಾಡ" ಎಂದರು.

"ಇದು ಕುರಿ ಅಲ್ರಿ ಕಾಕು, ಸೈನ್ಸ್" ಎಂದು ನಕ್ಕೆ. ಎಲ್ಲ ಪೆಟ್ಟಿಗೆಗೂ ಒಂದೇ ನಿಯಮ, ಎರಡನ್ನು ಬಿಟ್ಟರೆ ತಖ್ತೆಯಲ್ಲಿ ಎರಡು ಮನೆ ಖಾಲಿ ಉಳಿಯುತ್ತವೆ. ಅವರು ಒಪ್ಪಲಿಲ್ಲ. ಆಗ ಇನ್ನೊಂದು ಮಾತು ಹೇಳಿದೆ. ನಿಮ್ಮ ಹೆಸರು ಪಟ್ಟಿಯಿಂದ ತೆಗೆಯಬೇಕಾಗುತ್ತದೆ, ಪೆಟ್ಟಿಗೆ ಸರಕಾರದ್ದು, ವಾಪಸ್ ಕೇಳಿದರೆ ನನ್ನನ್ನು ಅನ್ನಬೇಡಿ ಎಂದೆ. ಅದು ಹಸಿ ಸುಳ್ಳು. ಪೆಟ್ಟಿಗೆ ವಾಪಸ್ ಕೇಳುವ ಅಧಿಕಾರ ನನಗಿರಲಿ, ಮೇಡಂಗೂ ಇರಲಿಲ್ಲ.

ಲಗಮವ್ವ ಹೊಗೆಡಬ್ಬಿಗೆ ಕುರಿಹಿಕ್ಕೆ, ಗೋಣಿತುಂಡು ತುಂಬಿ ಕಿಡಿ ಹಾಕಿ, ತಾವೇ ಹಿಡಿದು ಬಾಜೂ ನಿಂತರು. ನಾನು ಕೆಂಪಿಯ ಎರಿಯನ್ನು ಕೊಯ್ದೆ. ಗಂಡುಹುಳದ ಮರಿಗಳು ಬೆಳ್ಳಗೆ, ಕಣ್ಣು ಮಾತ್ರ ನೇರಳೆ ಬಣ್ಣಕ್ಕೆ ತಿರುಗಿದ್ದವು. ಒಂದರಲ್ಲೂ ನುಸಿ ಇರಲಿಲ್ಲ. ಅದನ್ನೂ ನೋಡಿದೆ, ನೋಡಿಯೂ ಏಳನೆಯದಕ್ಕೆ ಕೈ ಹಾಕಿದೆ. ತುಂಡುಗಳನ್ನು ಹಿತ್ತಲಿಗೆ ಎಸೆದಾಗ ಕೋಳಿಗಳು ಕಚ್ಚಾಡಿ ತಿಂದವು. ಮೂರನೇ ಸಲ ಹೋದಾಗ ಲಗಮವ್ವ ಹೊಗೆ ಹಿಡಿಯಲು ಹೊರಗೆ ಬರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ನಾನೇ ಹೊಗೆ ಹಾಕಿಕೊಂಡು, ಕೊಯ್ದು, ಫೋಟೊ ತೆಗೆದು, ಹೋಗಿಬರ್ತೇನ್ರಿ ಎಂದು ಹೊರಗಿನಿಂದಲೇ ಕೂಗಿ ಹೊರಟೆ.

ಅದೇ ದಿನಗಳಲ್ಲಿ ಊರೂರು ತಿರುಗುವ ಜೇನಿನವರ ಲಾರಿಯೊಂದು ಬಂದು ದಡ್ಡಿಯ ಹೊಳೆ ದಂಡೆಯ ಸೂರ್ಯಕಾಂತಿಯಲ್ಲಿ ಪೆಟ್ಟಿಗೆ ಇಳಿಸಿತು. ಆ ಪೆಟ್ಟಿಗೆಗಳಲ್ಲಿ ನುಸಿ ತುಂಬಿತ್ತು. ಗಂಡುಹುಳಗಳೂ ತುಂಬಿದ್ದವು. ಲಗಮವ್ವನ ಎಲ್ಲ ಪೆಟ್ಟಿಗೆಗಳಲ್ಲಿ ಆ ಬೇಸಿಗೆ ಹೊಸ ರಾಣಿಗಳೆದ್ದವು. ಕೆಂಪಿಯ ರಾಣಿಗೂ ವಯಸ್ಸಾಗಿತ್ತು, ಅದರ ಜಾಗಕ್ಕೂ ಮಗಳು ಬಂದಳು. ಹಾರಿದ ಹೊಸ ರಾಣಿಗಳಿಗೆ ಆಕಾಶದಲ್ಲಿ ಸಿಕ್ಕವು ಹೊಳೆ ದಂಡೆಯ ಗಂಡುಗಳು. ಕೆಂಪಿಯ ಮನೆಯ ಗಂಡುಗಳು ಕೋಳಿಯ ಹೊಟ್ಟೆ ಸೇರಿದ್ದವು.

ಶ್ರಾವಣದ ಜಿಟಿಜಿಟಿ ಮಳೆ ಹಿಡಿದಾಗ ಮೇಡಂ ಫೋನು ಬಂತು. ಅಷ್ಟು ಉತ್ಸಾಹದಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ದಡ್ಡಿಯ ನಾಲ್ಕನೇ ನಂಬರಿನ ನುಸಿಗಳ ಕಾಲು ಕಚ್ಚಿ ಮುರಿದದ್ದು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿದೆ, ಇದು ಅಪರೂಪದ ತಳಿ, ಆ ಪೆಟ್ಟಿಗೆಯ ಗಂಡುಹುಳಗಳನ್ನು ಕಳಿಸು ಎಂದರು. ಗಂಡುಹುಳದಲ್ಲಿ ತಾಯಿಯದೊಂದೇ ಪಾಲಿರುವುದರಿಂದ ವಂಶಗುಣ ಓದುವುದು ಸುಲಭವಂತೆ. ಕೋಣೆ ತೆಗೆದು ಕೆಟ್ಟ ಮರಿ ಹೊರಹಾಕುವ ಗುಣ ಎರಡೂ ಕಡೆಯಿಂದ ಬಂದರೆ ಮಾತ್ರ ಎದ್ದು ಕಾಣುವ ಜಾತಿಯದಿರಬಹುದು, ಒಂದು ಕಡೆಯಿಂದ ಬಂದರೆ ಅಡಗಿಬಿಡುತ್ತದೆ, ಆದ್ದರಿಂದ ಆ ಹಿತ್ತಲಲ್ಲಿ ಏನನ್ನೂ ಅಲುಗಾಡಿಸಬೇಡ ಎಂದೂ ಹೇಳಿದರು. ಲಗಮವ್ವ ತಡೆದರೂ ಅವನ್ನೇ ಕೊಯ್ದದ್ದನ್ನು ನಾನು ಹೇಳಲಿಲ್ಲ. ಏನಾದರೂ ಮಾತಾಡಬೇಕೆಂದು ಲಗಮವ್ವನ ಹಳೆಯ ಪ್ರಶ್ನೆಯನ್ನು ನನ್ನದೇ ಎಂಬಂತೆ ಕೇಳಿದೆ. ನುಸಿ ಯಾಕೆ ಕ್ಷೀಣಿಸುವುದಿಲ್ಲ? "ಒಳ್ಳೆಯ ಪ್ರಶ್ನೆ" ಎಂದು ಮೇಡಂ ಹೊಗಳಿದರು. ಗಂಡುನುಸಿಗೂ ತಾಯಿಯದೊಂದೇ ಪಾಲು, ಕೆಟ್ಟ ಗುಣವಿದ್ದರೆ ಅದನ್ನು ಮುಚ್ಚಿಡುವ ಇನ್ನೊಂದು ಪಾಲು ಇಲ್ಲ, ಅಂಥ ಗಂಡು ಅಲ್ಲೇ ಸತ್ತು ವಂಶ ತನ್ನಷ್ಟಕ್ಕೆ ಚೊಕ್ಕಟವಾಗುತ್ತದೆ ಎಂದರು. ಕದ್ದ ಪ್ರಶ್ನೆಗೆ ಸಿಕ್ಕ ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಮರುದಿನ ಮಳೆಯಲ್ಲೇ ದಡ್ಡಿಗೆ ಹೋದೆ. ಬೇವಿನ ಮರದ ಕೆಳಗೆ ಲಗಮವ್ವ ಕುಕ್ಕರಗಾಲಿನಲ್ಲಿ ಕುಳಿತು ನೆಲದ ಮೇಲೆ ತೆವಳುವ ಹುಳಗಳನ್ನು ಒಂದೊಂದಾಗಿ ಅಂಗೈಗೆ ಎತ್ತಿಕೊಳ್ಳುತ್ತಿದ್ದರು. ಎಲ್ಲಕ್ಕೂ ರೆಕ್ಕೆ ಸುರುಟಿದ್ದವು. "ಹಾರೂದಿಲ್ಲ ತಮ್ಮಾ, ನೋಡ" ಎಂದು ಅಂಗೈ ಚಾಚಿದರು. ನಾನು ನೋಡಿದೆ. ಮೇಡಂ ಹೇಳಿದ್ದನ್ನು ಅವರಿಗೆ ಹೇಳಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಮಳೆ ಜಾಸ್ತಿ ಆಗಿದೆ, ಥಂಡಿಗೆ ಹೀಗಾಗುತ್ತದೆ ಎಂದು ಹೇಳಿ ಬಂದೆ. ಶ್ರಾವಣ ಮುಗಿಯುವಷ್ಟರಲ್ಲಿ ಒಂಬತ್ತೂ ಖಾಲಿಯಾದವು.

ಮೇಡಂ ಕೇಳಿದಾಗ ಪೆಟ್ಟಿಗೆಗಳು ಸತ್ತಿವೆ ಎಂದೆ. ಹೇಗೆ ಎಂದರು. ನಾನು ಕೊಯ್ದೆ ಎನ್ನಲು ಬಾಯಿ ತೆರೆದವನು, ಮಾಲೀಕರು ನೋಡಿಕೊಳ್ಳಲಿಲ್ಲ ಎಂದುಬಿಟ್ಟೆ. ಕರಾರು ಮುಗಿಯಲು ಎರಡು ತಿಂಗಳಿತ್ತು. ಒಮ್ಮೆ ಬಾಯಿಂದ ಬಂದ ಸುಳ್ಳು ಆಮೇಲೆ ಕಾಗದಕ್ಕೂ ಇಳಿಯಿತು. ಜೇನು ಸಾಕುವವರಿಗೆ ಹಂಚಲೆಂದು ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಕ ಬರೆಯುವ ಕೆಲಸ ನನಗೇ ಬಂತು. ಅದರ ಹದಿನಾಲ್ಕನೇ ಪುಟದಲ್ಲಿ ಹೀಗೆ ಬರೆದೆ: "ದಡ್ಡಿಯ ಶ್ರೀಮತಿ ಲಗಮವ್ವ ಇವರ ಪೆಟ್ಟಿಗೆಗಳು ಮಾಲೀಕರ ನಿರ್ಲಕ್ಷ್ಯದಿಂದ ರೋಗ ತಗುಲಿ ನಾಶವಾದವು. ಇಂಥ ಮೂಲದ ಹುಳಗಳನ್ನು ಇತರರು ಸಾಕಬಾರದು." ಪುಸ್ತಕದ ಮೇಲೆ ಯೋಜನೆಯ ಹೆಸರಿತ್ತು, ಬರೆದವನ ಹೆಸರಿರಲಿಲ್ಲ. ಬರೆದವನು ನಾನೇ ಎಂದು ಕಲ್ಲೋಳಿಯಲ್ಲಿ ಮನೆಮನೆಗೆ ಹೇಳಿಕೊಂಡು ಬಂದೆ.

ಮೂಡಲಗಿಯ ಒಂದು ಸಭಾಭವನದಲ್ಲಿ ತರಬೇತಿ ಇಟ್ಟು ಪುಸ್ತಕ ಹಂಚಿದೆವು. ನಾನು ವೇದಿಕೆ ಮೇಲೆ ನಿಂತು ಅದನ್ನು ಓದಿ ವಿವರಿಸುತ್ತಿದ್ದಾಗ ಲಗಮವ್ವ ಬಂದು ಎರಡನೇ ಸಾಲಿನಲ್ಲಿ ಕುಳಿತರು. ಪಕ್ಕದಲ್ಲಿ ಅವರ ಸೊಸೆ ರೇಣುಕಾ. ಅತ್ತೆಗೆ ಓದಲು ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ಹದಿನಾಲ್ಕನೇ ಪುಟಕ್ಕೆ ಬಂದಾಗ ಆ ಎರಡು ಸಾಲು ಹಾರಿಸಿ ಓದಿದೆ. ಸೊಸೆಗೆ ಓದಲು ಬರುತ್ತದೆ ಎಂಬುದನ್ನು ನೆನೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಕಾರ್ಯಕ್ರಮ ಮುಗಿದಾಗ ಲಗಮವ್ವ ಎದ್ದು, ಮೊಣಕಾಲು ಹಿಡಿದುಕೊಂಡು, ಕುರ್ಚಿಗಳ ನಡುವೆ ನನ್ನ ಕಡೆಗೇ ಬರತೊಡಗಿದರು. ಬಯ್ಯಲು ಬರುತ್ತಿದ್ದಾರೆ ಎಂದುಕೊಂಡೆ. ಉಪ್ಪಿಟ್ಟು ಬಂತೇನು ನೋಡಿ ಬರ್ತೇನೆ ಎಂದು ಯಾರಿಗೋ ಹೇಳಿ ಬಾಜೂ ಬಾಗಿಲಿನಿಂದ ಹೊರಬಿದ್ದೆ. ಬೈಕು ಹತ್ತಿ ಕಲ್ಲೋಳಿ ಮುಟ್ಟುವವರೆಗೆ ಹಿಂದೆ ನೋಡಲಿಲ್ಲ.

ದೀಪಾವಳಿಗೆ ಊರಲ್ಲಿದ್ದಾಗ ಪಕ್ಕದ ಮನೆಯ ಚನ್ನಪ್ಪ ಕಾಕಾ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. "ನೀ ಬರದಿದ್ದ ಪುಸ್ತಕ ಓದಿ ಜಡ್ಡಿನ ಪೆಟಗಿ ಒಂದ ಸುಟ್ಟೆ ನೋಡಪಾ. ಓದಿದ ಹುಡುಗ ಊರಿಗೆ ಉಪಯೋಗಕ್ಕ ಬಂದಿ" ಎಂದರು. ಯಾರ ಪೆಟ್ಟಿಗೆ ಎಂದು ಕೇಳಲಿಲ್ಲ. ತಿರುಗುವ ಜೇನಿನವರು ಬಿಟ್ಟುಹೋದದ್ದಿರಬೇಕೆಂದುಕೊಂಡು ಹಿಗ್ಗಿದೆ.

ಕರಾರು ಒಂದು ವರ್ಷ ಮುಂದುವರಿಯಿತು. ಆಮೇಲೆ ಯೋಜನೆಯೇ ಮುಗಿಯಿತು. ಪಿಎಚ್.ಡಿ.ಗೆ ನಾನಾಗಿಯೇ ಸೇರಲಿಲ್ಲ, ಮೇಡಂ ಎದುರು ನಿಲ್ಲಲು ಮುಖವಿರಲಿಲ್ಲ. ಬಿ.ಎಡ್. ಮಾಡಿ ಮೇಷ್ಟ್ರಾದೆ. ದಡ್ಡಿಯ ಕಡೆ ಹೋಗುವ ಮದುವೆ, ಮುಂಜಿ ಎಲ್ಲ ತಪ್ಪಿಸಿಕೊಂಡೆ.

ಹೊಗೆಯ ವಾಸನೆ ಬಂದ ಆ ವಾರದ ಭಾನುವಾರ ದಡ್ಡಿಗೆ ಹೋದೆ. ಬೇವಿನ ಮರ ಹಾಗೇ ಇತ್ತು, ಕೆಳಗೆ ಪೆಟ್ಟಿಗೆಗಳಿರಲಿಲ್ಲ. ಲಗಮವ್ವ ಕಟ್ಟೆಯ ಮೇಲೆ ಕುಳಿತು ಉಣ್ಣೆ ಬಿಡಿಸುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಬರ್ರಿ ಸಾಹೇಬ್ರ, ಕುಂಡ್ರಿ" ಎಂದರು. ಆ ವರ್ಷವೆಲ್ಲ ನನ್ನನ್ನು ತಮ್ಮಾ ಎಂದು ಕರೆದವರು. ಅದೊಂದು ಮಾತಿಗೇ ನನ್ನ ತಲೆ ತಗ್ಗಿತು.

ರೇಣುಕಾ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. ನಾನು ಸುತ್ತುಬಳಸಲಿಲ್ಲ. "ಕಾಕು, ನಿಮ್ಮ ಹುಳ ಸತ್ತದ್ದು ನಿಮ್ಮಿಂದಲ್ರಿ. ಕೊಯ್ದು ಕೆಡಿಸಿದವ ನಾನು. ನಿಮ್ಮ ಮ್ಯಾಲೆ ಹಾಕಿ ಬರದವನೂ ನಾನ. ಪೆಟಗಿ ವಾಪಸ್ ಕೇಳ್ತಾರ ಅಂದದ್ದೂ ಸುಳ್ಳು" ಎಂದೆ.

"ಗೊತ್ತೈತ್ರಿ" ಎಂದರು. ಕೈಯಲ್ಲಿನ ಉಣ್ಣೆ ನಿಲ್ಲಲಿಲ್ಲ. "ಕೊಯ್ದದ್ದಕ್ಕ ನನಗ ಸಿಟ್ಟಿಲ್ರಿ. ಹುಡುಗ, ತಿಳೀಲಿಲ್ಲ ಅಂದ್ಕೊಂಡ್ನಿ. ಹುಟ್ಟಾ ಕುರಿ ಕಾದವರೂ ತಪ್ಪ ಟಗರ ಬಿಟ್ಟ ಹಿಂಡ ಕೆಡಿಸ್ಕೊಂತಾರ. ಅವತ್ತ ಮೂಡಲಗಿಗೆ ನಾ ಯಾಕ ಬಂದಿದ್ನಿ, ಗೊತ್ತೇನ್ರಿ ನಿಮಗ?"

"ನನ್ನ ಬೈಯಾಕ ಬಂದಿದ್ರಿ."

"ಬೈಯಾಕ ಮೂರ ಬಸ್ ಹತ್ತಿ ಬರ್ತಾರೇನ್ರಿ, ಈ ಮೊಣಕಾಲ ತಗೊಂಡು? ಪುಸ್ತಕದಾಗ ಏನೈತಿ ಅಂತ ಅವಾಗ ನನಗ ಗೊತ್ತಿರಲಿಲ್ಲ. ತಿರುಗಿ ಬರೂ ಮುಂದ ಬಸ್ಸಿನಾಗ ಈಕಿ ಓದಿ ಹೇಳಿದ್ಲು." ರೇಣುಕಾ ಮುಖ ಬೇರೆ ಕಡೆ ತಿರುಗಿಸಿದರು. ಲಗಮವ್ವ ಮುಂದುವರಿಸಿದರು. "ನೀವು ಚಾಕು ತರೂಕಿಂತ ಮೊದಲ ಕೆಂಪಿ ಮಗಳ ಒಂದನ್ನ ಪಾಲಿಗೆ ಕೊಟ್ಟಿದ್ನಿ. ಕುರಿ ಪಾಲಿಗೆ ಕೊಡ್ತೇವಲ್ರಿ, ಹಂಗ. ಸಾಕಿ ವರ್ಷದ ಮ್ಯಾಲೆ ಒಂದ ಮರಿ ತಿರುಗಿ ಕೊಡಬೇಕು. ಅದು ನಿಮ್ಮ ಪಟ್ಟಿಯೊಳಗ ಇರಲಿಲ್ಲ. ಅದರ ಗಂಡಹುಳ ಯಾರೂ ಕೊಯ್ದಿರಲಿಲ್ಲ. ಅದೊಂದ ಚಲೋ ಐತಿ, ಅದರಾಗಿಂದ ಮತ್ತ ಹಿಂಡ ಕಟ್ಟೂಣು, ನಿಮ್ಮ ಮೇಡಮ್ಮರಿಗೂ ಬೇಕಂದ್ರ ಒಯ್ರಿ ಅಂತ ಹೇಳಾಕ ಬಂದಿದ್ನಿ. ನೀವು ಬಾಜೂ ಬಾಗಲಾಗಿಂದ ಹ್ವಾದ್ರಿ."

"ಎಲ್ಲಿ ಕೊಟ್ಟಿದ್ರಿ ಅದನ್ನ?" ಎಂದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು.

"ನಿಮ್ಮ ಊರಾಗ ರಿ. ಕಲ್ಲೋಳ್ಯಾಗ. ಚನ್ನಪ್ಪಗೌಡ್ರ ಹೀರಿಕಾಯಿ ತ್ವಾಟಕ್ಕ ಹುಳ ಬೇಕಂದಿದ್ರು. ದೀಪಾವಳಿ ಮುಗಿಸಿ ನಾನ ಹೋದ್ನಿ, ತ್ವಾಟದ ಮೂಲ್ಯಾಗ ಬೂದಿ ಇತ್ತು. ನಮ್ಮೂರ ಹುಡುಗನ ಬರದಾನವ್ವಾ ನಿನ್ನ ಹುಳಕ್ಕ ಜಡ್ಡ ಐತಿ ಅಂತ, ಅವ ಸುಳ್ಳ ಬರೀತಾನೇನು ಅಂದ್ರು. ನಾ ಏನ ಹೇಳ್ಲಿ? ಅಲ್ಲಿಂದ ಯಾರೂ ನನ್ನ ಕಡೆ ಹುಳ ಕೇಳಾಕ ಬರಲಿಲ್ಲ."

ಏಳು ವರ್ಷ ನಾನು ಕೊಯ್ದದ್ದಕ್ಕೆ ನಾಚಿದ್ದೆ. ಕೊಯ್ದ ಮೇಲೂ ಆ ತಳಿ ಉಳಿದಿತ್ತು, ನಮ್ಮ ಮನೆಯಿಂದ ಕೂಗಳತೆಯಲ್ಲಿ ಉಳಿದಿತ್ತು. ಅದನ್ನು ಮುಗಿಸಿದ್ದು ಚಾಕು ಅಲ್ಲ, ನನ್ನ ಎರಡು ಸಾಲು. ಅದು ಸುಟ್ಟ ಸುದ್ದಿ ಕೇಳಿ ನಾನು ಹಿಗ್ಗಿದ್ದೆ.

"ಈಗ ನಾ ಏನ ಮಾಡ್ಲಿ ಹೇಳ್ರಿ" ಎಂದೆ.

ಲಗಮವ್ವ ಉಣ್ಣೆಯನ್ನು ಮಡಿಲಿಗೆ ಹಾಕಿಕೊಂಡು ನನ್ನ ಮುಖ ನೋಡಿದರು. "ಹುಳಾ ತರಾಕ ನಿಮ್ಮ ಕಡಿಂದ ಆಗೂದಿಲ್ರಿ. ಬರದದ್ದನ್ನ ಬರದ ಸುಳ್ಳ ಮಾಡ್ರಿ. ಅದರಾಗ ನನ್ನ ಹೆಸರಿತ್ತು, ನನ್ನ ಊರಿತ್ತು. ನಿಮ್ಮದಿರಲಿಲ್ಲ. ಈ ಸಲ ನಿಮ್ಮ ಹೆಸರ ಹಾಕ್ರಿ" ಎಂದರು. ಆಮೇಲೆ ಲೋಟದ ಕಡೆ ಕೈ ತೋರಿಸಿ, "ಚಹಾ ಆರಾಕತ್ತೈತಿ, ಕುಡೀರಿ" ಎಂದರು. ಕುಡಿದೆ.

ದಡ್ಡಿಯಿಂದ ನೇರ ಕಲ್ಲೋಳಿಗೆ ಹೋದೆ. ಚನ್ನಪ್ಪ ಕಾಕಾಗೆ ಎಲ್ಲ ಹೇಳಿದೆ. ಅವರು ಎದ್ದು ಹಿತ್ತಲಿಗೆ ಕರೆದುಕೊಂಡು ಹೋದರು. ಪೆಟ್ಟಿಗೆ ಸುಡುವಾಗ ಮುಚ್ಚಳ ಗಟ್ಟಿಯಿದೆಯೆಂದು ತೆಗೆದಿಟ್ಟಿದ್ದರಂತೆ. ಅದು ನೀರಿನ ಹೌದಿನ ಮೇಲಿತ್ತು. ಮೂಲೆಯಲ್ಲಿ ಎರಡು ಕಚ್ಚು.

"ನೀ ಬರದಿದ್ದಿ ಅಂತ ಸುಟ್ಟೆನಲ್ಲೋ" ಎಂದರು ಕಾಕಾ.

ಹೌದು, ನಾನು ಬರೆದಿದ್ದೆ. ಈಗಲೂ ನಾನೇ ಬರೆಯುತ್ತಿದ್ದೇನೆ. ಮೇಡಂಗೆ ಕಾಗದ ಹಾಕಿದ್ದೇನೆ, ಇದನ್ನೂ ಅಚ್ಚಿಗೆ ಕಳಿಸುತ್ತಿದ್ದೇನೆ. ರೇಣುಕಾ ಇದನ್ನು ಅತ್ತೆಗೆ ಓದಿ ಹೇಳುತ್ತಾರೆ, ಒಂದು ಸಾಲನ್ನೂ ಹಾರಿಸುವುದಿಲ್ಲ ಎಂದು ಗೊತ್ತು. ದಡ್ಡಿಯ ಲಗಮವ್ವನವರ ಜೇನು ಅವರ ನಿರ್ಲಕ್ಷ್ಯದಿಂದ ಸಾಯಲಿಲ್ಲ. ಅವುಗಳಿಗೆ ಜಡ್ಡಿರಲಿಲ್ಲ. ಈ ಭಾಗದಲ್ಲಿ ನಾನು ಕಂಡ ಎಲ್ಲ ಜೇನುಗಳಿಗಿಂತ ಅವು ಚೆನ್ನಾಗಿದ್ದವು, ಅವನ್ನು ಹಾಗೆ ಮಾಡಿದವರು ಅವರೇ. ಅವುಗಳ ಗಂಡುಹುಳ ಕೊಯ್ದವನು, ಆಮೇಲೆ ಅವರ ಹೆಸರಿನ ಮೇಲೆ ಸುಳ್ಳು ಬರೆದವನು ನಾನು. ನನ್ನ ಹೆಸರು ಮಹಾಂತೇಶ. ಊರು ಕಲ್ಲೋಳಿ.